ಸುಗುಣಳನ್ನು ಒಪ್ಪಿಸಿದ ಪದ

ಶೀಳನೆರೆ ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಐನೋರಿಗಿಂತ ಮುಂಚೆ ವೀಳ್ಯ ಹೋಗುತ್ತಿದ್ದದ್ದು ಚಿಕ್ಕಬೋರಮ್ಮನಿಗೆ. ಐನೋರು ಸ್ವಲ್ಪ ತಡವಾಗಿ ಬಂದರೂ ನಡೆಯುತ್ತಿತ್ತು, ಮುಹೂರ್ತವನ್ನು ಅವರೇ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು. ಚಿಕ್ಕಬೋರಮ್ಮ ತಡ ಮಾಡಿದರೆ ಮಾತ್ರ ಹೆಣ್ಣಿನ ತಾಯಿ ಚಪ್ಪರದ ಕಂಬ ಹಿಡಿದು ದಾರಿ ನೋಡುತ್ತಾ ನಿಲ್ಲುತ್ತಿದ್ದಳು. ಅರಿಶಿನ ಕುಟ್ಟುವುದಕ್ಕೊಂದು ಪದ, ಎಣ್ಣೆ ಹಚ್ಚುವುದಕ್ಕೊಂದು, ಹಸೆಗೆ ಕರೆಯುವುದಕ್ಕೊಂದು, ಬೀಗರನ್ನು ಆಡಿಕೊಳ್ಳುವುದಕ್ಕಂತೂ ಲೆಕ್ಕವೇ ಇಲ್ಲ. ಪದ ಇಲ್ಲದೆ ಮಾಡಿದ ಶಾಸ್ತ್ರ ಶಾಸ್ತ್ರವೇ ಅಲ್ಲ ಎಂದು ನಂಬಿದ್ದ ಕಾಲ. ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ ಬಿಡಿ.

ಅವಳೇನು ಹಾಡುಗಾರರ ಮನೆತನದವಳಲ್ಲ. ಗಂಡ ಮಂಚಯ್ಯನಿಗೆ ನಾಲೆ ಬಯಲಿನಲ್ಲಿ ಕಬ್ಬು, ಮನೆಯಲ್ಲಿ ಕರೆಯುವ ಹಸು. ಅವಳೂ ಎಲ್ಲರಂತೆ ಡೈರಿಗೆ ಹಾಲು ಹಾಕಿ, ಗದ್ದೆಯಲ್ಲಿ ಕಳೆ ಕಿತ್ತು ಬದುಕಿದವಳು. ಪದಗಳೆಲ್ಲ ಅಜ್ಜಿಯ ಪಕ್ಕ ರಾಗಿ ಬೀಸುತ್ತಾ ಬಾಯಿಗೆ ಬಂದವು. ಜೊತೆಗೆ ಕುಳ್ಳಮ್ಮ ಇದ್ದಳು. ಹೆಸರು ಕುಳ್ಳಮ್ಮ, ಆಳು ನೋಡಿದರೆ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ವಯಸ್ಸಿನಲ್ಲೂ ದೊಡ್ಡವಳು. ಚಿಕ್ಕಬೋರಮ್ಮ ಒಂದು ಸಾಲು ಮುಂದೆ ಹೇಳಿದರೆ ಕುಳ್ಳಮ್ಮ ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದಳು. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಇಬ್ಬರೂ ಹಾಗೆ ಹಾಡಿ ಹಾಡಿ, ಒಬ್ಬಳಿಗೆ ಕೆಮ್ಮು ಬಂದರೆ ಇನ್ನೊಬ್ಬಳು ನೀರು ಕುಡಿಯುವಷ್ಟು ಹೊಂದಿಕೊಂಡಿದ್ದರು.

ಇಷ್ಟು ಪದಗಳಲ್ಲಿ ಭಾರವಾದದ್ದು ಕೊನೆಯದು, ಹೆಣ್ಣು ಒಪ್ಪಿಸುವ ಪದ. ಗಂಡಿನ ಕಡೆಯವರು ಹೊರಟು ನಿಂತಾಗ ಹೆಣ್ಣಿನ ತಾಯಿ ಬಟ್ಟಲಲ್ಲಿ ಹಾಲು ತಂದು, ಮಗಳ ಕೈ ಅದರಲ್ಲಿ ಅದ್ದಿಸಿ, ಆ ಒದ್ದೆ ಕೈಯನ್ನು ಅತ್ತೆಯ ಕೈಯೊಳಗೆ ಇಡಬೇಕು. ಆ ಹೊತ್ತಿಗೆ ಹಾಡುವವಳು ಹೆಣ್ಣಿನ ಹೆಸರನ್ನೂ, ಅವಳು ಹೋಗಿ ಸೇರುವ ಊರು ಮನೆಯನ್ನೂ ಪದದೊಳಗೆ ಕೂರಿಸಿ ಹೇಳುತ್ತಾಳೆ. ಕೇಳಿದವರು ಎಂಥ ಗಟ್ಟಿ ಎದೆಯವರಾದರೂ ಟವೆಲ್ಲು ಹುಡುಕುತ್ತಾರೆ. ಇದಕ್ಕೆ ಆ ಹಾಡುಗಾರ್ತಿಯರಲ್ಲಿ ಎರಡು ಕಟ್ಟುಪಾಡುಗಳಿದ್ದವು. ಮೊದಲನೆಯದು, ಒಂದು ಹೆಣ್ಣಿನ ಹೆಸರನ್ನು ಆ ಪದದಲ್ಲಿ ಒಂದೇ ಸಲ ಹೇಳಬೇಕು, ಅವಳ ಮದುವೆಯ ದಿನ. ಎರಡನೆಯದು, ಹೆತ್ತವಳು ತನ್ನ ಮಗಳಿಗೆ ಅದನ್ನು ಹಾಡಕೂಡದು. ಹೆತ್ತವಳಿಗೆ ಆ ದಿನ ಅಳುವ ಕೆಲಸವೇ ಬೇಕಾದಷ್ಟು ಇರುತ್ತದೆ.

ಚಿಕ್ಕಬೋರಮ್ಮನಿಗಿದ್ದದ್ದು ಒಬ್ಬಳೇ ಮಗಳು, ಸುಗುಣ. ಎಸ್ಸೆಸ್ಸೆಲ್ಸಿ ಮುಗಿಸಿ ಟೈಲರಿಂಗ್ ಕಲಿಯುತ್ತಿದ್ದ, ಮಾತು ಕಮ್ಮಿಯ ಹುಡುಗಿ. ಊರವರ ಹೆಣ್ಣುಮಕ್ಕಳನ್ನೆಲ್ಲ ಒಪ್ಪಿಸಿ ಬಂದವಳಿಗೆ ಇದ್ದ ಆಸೆ ಒಂದೇ. ಮಗಳ ಮದುವೆ ಚೆನ್ನಾಗಿ ನಡೆಯಬೇಕು, ಕುಳ್ಳಮ್ಮ ಮುಂದೆ ನಿಂತು ಪದ ಹೇಳಬೇಕು, ತಾನು ಒಂದು ಸಲವಾದರೂ ಹಾಡುವವಳಾಗದೆ ಬರೀ ತಾಯಿಯಾಗಿ ಹಾಲಿನ ಬಟ್ಟಲು ಹಿಡಿದು ಅಳಬೇಕು. ದೊಡ್ಡ ಆಸೆಯೇನಲ್ಲ. ಆದರೂ ಅದನ್ನು ಅವಳ ಕೈಯಿಂದಲೇ ದೇವರು ಕೆಡಿಸಿದ.

ತೊಂಬತ್ತರ ಹೊತ್ತಿಗೆ ಪಟ್ಟಣದವರಿಗೆ ಇದ್ದಕ್ಕಿದ್ದಂತೆ ಹಳ್ಳಿಯ ಹಾಡಿನ ಮೇಲೆ ಮಮತೆ ಉಕ್ಕಿತು. ಎಲ್ಲಿ ನೋಡಿದರೂ ಜಾನಪದ ಮೇಳ, ಜಾನಪದ ಶಿಬಿರ. ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪುಟ್ಟರಾಜು ಮೇಷ್ಟ್ರು ಹೆಗಲಿಗೆ ಟೇಪ್‌ರೆಕಾರ್ಡರ್ ನೇತುಹಾಕಿಕೊಂಡು ಚಿಕ್ಕಬೋರಮ್ಮನ ಜಗಲಿಗೆ ಬಂದು ಕೂತರು. ಒಳ್ಳೆಯ ಮನುಷ್ಯ, ಅದೇ ಬಂದದ್ದು ತೊಂದರೆ. ಕೆಟ್ಟವರಾಗಿದ್ದರೆ ಮಂಚಯ್ಯ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದ. ಕೊಟ್ಟ ಮುದ್ದೆ ಉಂಡು, ಕೇಳಿದ ಪದಕ್ಕೆಲ್ಲ ತಲೆದೂಗಿ, ನಿಮ್ಮಂಥವರು ನಾಡಿನ ಆಸ್ತಿ ಎಂದು ಹೇಳಿ ಹೋದರು. ನಾಡಿನ ಆಸ್ತಿ ಆ ದಿನ ಸಗಣಿ ಬಾಚುವುದನ್ನು ಮರೆತು ಗಂಡನ ಹತ್ತಿರ ಬೈಸಿಕೊಂಡಿತು.

ಶ್ರೀರಂಗಪಟ್ಟಣದ ಕೋಟೆ ಬಯಲಿನಲ್ಲಿ ನಡೆದ ಮೇಳಕ್ಕೆ ಮೇಷ್ಟ್ರು ಇಬ್ಬರನ್ನೂ ಕರೆದುಕೊಂಡು ಹೋದರು. ಮೈಕಿನ ಮುಂದೆ ನಿಂತು ಹಸೆ ಪದ ಹೇಳಿ ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದರು. ಚಿಕ್ಕಬೋರಮ್ಮ ಬೆಚ್ಚಿದಳು. ಮದುವೆ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಪದ ಮುಗಿದರೆ ಮುಂದಿನ ಶಾಸ್ತ್ರಕ್ಕೆ ಕೈ ಹಾಕುತ್ತಾರೆ ಅಷ್ಟೆ. ಶಾಲು ಹೊದಿಸಿದರು, ಪೇಪರಿನಲ್ಲಿ ಫೋಟೋ ಬಂತು, ಮೈಸೂರು ಆಕಾಶವಾಣಿಯಲ್ಲಿ ಒಂದು ಬೆಳಿಗ್ಗೆ ಅವಳ ದನಿ ಬಂತು. ಮಂಚಯ್ಯ ಹಾಲು ಕರೆಯುತ್ತಿದ್ದವನು ಚೆಂಬು ಕೆಳಗಿಟ್ಟು ಕೇಳಿದ. ಅವಳಿಗೆ ಇದೆಲ್ಲ ಇಷ್ಟವಾಯಿತು. ಇಷ್ಟವಾಗದೆ ಏನು, ಅವಳೂ ಮನುಷ್ಯಳೇ ತಾನೆ?

ಆ ಗಾಳಿಯಲ್ಲೇ ತೂರಿಕೊಳ್ಳಲು ಬಂದವನು ಲೋಕೇಶ. ಪಾಂಡವಪುರದ ಬಸ್ಟ್ಯಾಂಡ್ ಎದುರು ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ, ಚುರುಕು ಹುಡುಗ. ಮದುವೆಯ ಪದಗಳನ್ನೆಲ್ಲ ಒಂದು ಕ್ಯಾಸೆಟ್ಟು ಮಾಡೋಣ ಅವ್ವ ಎಂದು ಮನೆ ಬಾಗಿಲಿಗೇ ಬಂದು ಕೇಳಿದ. ಕುಳ್ಳಮ್ಮ ಬೇಡ ಎಂದಳು. ಅಡುಗೆ ಮಾಡುವವರು ಉಣ್ಣುವವರನ್ನು ನೋಡದೆ ಬಡಿಸುವುದುಂಟೆ ಎಂಬುದು ಅವಳ ವಾದ. ಚಿಕ್ಕಬೋರಮ್ಮ ಅವಳನ್ನು ಪುಸಲಾಯಿಸಿ, ಹೊಸ ಸೀರೆ ಉಡಿಸಿ, ಬಸ್ಸು ಹತ್ತಿಸಿದಳು.

ಅಂಗಡಿಯ ಮೇಲಿನ ಕೋಣೆಯಲ್ಲಿ ರೆಕಾರ್ಡಿಂಗು. ಕಿಟಕಿಗೆಲ್ಲ ಗೋಣಿಚೀಲ ಹೊಡೆದು, ಫ್ಯಾನು ನಿಲ್ಲಿಸಿ, ಬೆವರು ಸುರಿಯುವ ಹಾಗೆ ಮಾಡಿದ್ದ. ಕೆಳಗೆ ರಸ್ತೆಯಲ್ಲಿ ಫ್ಯಾಕ್ಟರಿಗೆ ಕಬ್ಬು ತುಂಬಿದ ಗಾಡಿ ಲಾರಿಗಳು ಹೋದಾಗಲೆಲ್ಲ ನಿಲ್ಲಿಸಿ ಮತ್ತೆ ಹಾಡಬೇಕು. ಅರಿಶಿನದ ಪದ ಆಯಿತು, ಎಣ್ಣೆಯದಾಯಿತು, ಬೀಗರ ಪದಕ್ಕೆ ಲೋಕೇಶನೇ ನಕ್ಕು ಇನ್ನೊಂದು ಸಲ ಹಾಡಿಸಬೇಕಾಯಿತು. ಕೊನೆಗೆ ಒಪ್ಪಿಸುವ ಪದ. ಚಿಕ್ಕಬೋರಮ್ಮ ಬಾಯಿ ತೆರೆದವಳು ಹಾಗೇ ನಿಂತಳು.

"ಎಣ್ಣು ಎಲ್ಲಪ್ಪ?" ಎಂದಳು.

ಲೋಕೇಶನಿಗೆ ಅರ್ಥವಾಗಲಿಲ್ಲ. ಪದದಲ್ಲಿ ಹೆಣ್ಣಿನ ಹೆಸರು ಬರಬೇಕೆಂದೂ, ಹೆಸರಿಲ್ಲದೆ ಸಾಲು ಮುಂದಕ್ಕೆ ಹೋಗುವುದಿಲ್ಲವೆಂದೂ ಅವಳು ವಿವರಿಸಿದಳು. ಯಾವುದೋ ಒಂದು ಹಾಕವ್ವ, ಸೀತೆ ಅನ್ನು, ಗೌರಿ ಅನ್ನು, ಯಾರು ಕೇಳುತ್ತಾರೆ ಎಂದ. ಅವಳು ಯೋಚಿಸಿದಳು. ಸೀತೆಯ ಹೆಸರಿಟ್ಟು ಒಪ್ಪಿಸಿದರೆ ಕ್ಯಾಸೆಟ್ಟು ಹಾಕಿದ ಮನೆಯ ಹೆಣ್ಣು ಕಾಡುಪಾಲಾಗಬೇಕೆ? ಗೌರಮ್ಮ ದೇವರು, ಅವಳನ್ನು ಮನುಷ್ಯರ ಮನೆಗೆ ಕೊಡುವುದು ಹೇಗೆ? ಇನ್ನು ಊರಿನ ಯಾವ ಹುಡುಗಿಯ ಹೆಸರು ಹೇಳಿದರೂ ಅವಳನ್ನು ಹೆತ್ತವರನ್ನು ಕೇಳದೆ ಕೊಟ್ಟ ಹಾಗಾಯಿತು. ಪರರ ಮಗಳನ್ನು ಒಪ್ಪಿಸುವ ಹಕ್ಕು ತನಗೆಲ್ಲಿಯದು? ಹೀಗೆ ಒಂದೊಂದನ್ನೇ ತಳ್ಳುತ್ತಾ ಹೋದರೆ, ಲೋಕದಲ್ಲಿ ಅವಳು ಯಾರನ್ನೂ ಕೇಳದೆ ಕೊಡಬಹುದಾದ ಹೆಣ್ಣು ಒಬ್ಬಳೇ ಉಳಿದಳು.

ಕೆಳಗೆ ಲಾರಿ ಇರಲಿಲ್ಲ. ಲೋಕೇಶ ಕೈ ಎತ್ತಿ ಸನ್ನೆ ಮಾಡಿದ. ಅವಳು ಹೇಳಿದಳು:

ಹಾಲಲ್ಲಿ ಅದ್ದೀದ ಕೈ ನಮ್ಮ ಸುಗುಣವ್ವಂದು
ನಿಮ್ಮ ಕೈಯೊಳಗೆ ಇಟ್ಟೇವು

ಸೊಲ್ಲು ಬರಲಿಲ್ಲ. ತಿರುಗಿ ನೋಡಿದರೆ ಕುಳ್ಳಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದಾಳೆ. ಲೋಕೇಶ ಗಾಬರಿಯಾಗಿ ಕೈ ಆಡಿಸಿದ. ಆಮೇಲೆ ಕುಳ್ಳಮ್ಮ ಸಾಲನ್ನು ಎತ್ತಿಕೊಂಡಳು, ಆದರೆ ಮನಸ್ಸಿಲ್ಲದೆ. ಇನ್ನು ಗಂಡಿನ ಊರು ಮನೆ ಹೇಳುವ ಜಾಗ ಬಂತು. ಅಲ್ಲಿ ಚಿಕ್ಕಬೋರಮ್ಮನಿಗೇ ಹೆದರಿಕೆಯಾಯಿತು. ಯಾವ ಊರು ಹೇಳಿದರೆ ಯಾವ ಊರಿಗೆ ಮಾತು ಕೊಟ್ಟ ಹಾಗಾಗುತ್ತದೋ! ಬುದ್ಧಿವಂತಿಕೆ ಮಾಡಿ, ಊರನ್ನೂ ಹೇಳದೆ ಮನೆಯನ್ನೂ ಹೇಳದೆ, ಬಲ್ಲಿದರ ಬಾಗಿಲಿಗೆ ಎಂದು ಹಾಡಿ ತೇಲಿಸಿಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಕುಳ್ಳಮ್ಮ ಹೊಸ ಸೀರೆಯ ಸೆರಗನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಕೊನೆಗೆ ಹೇಳಿದಳು: "ಎಂಥ ಕೆಲ್ಸ ಮಾಡ್ಬುಟ್ಟೆ ಬೋರಿ. ಎತ್ತೋಳು ನೀನು, ನಿನ್ನ ಬಾಯಲ್ಲೇ ಬತ್ತಲ್ಲ."

"ಡಬ್ಬಿ ಮುಂದೆ ಏಳಿದ್ದು ಕಣಕ್ಕ, ದೇವ್ರ ಮುಂದಲ್ಲ" ಎಂದು ಚಿಕ್ಕಬೋರಮ್ಮ ನಕ್ಕಳು. ನಕ್ಕಳಾದರೂ ಮನೆಗೆ ಬಂದವಳು ಮೊದಲು ಮಗಳ ಹಣೆ ಮುಟ್ಟಿ ನೋಡಿದಳು. ಸುಗುಣ, ಏನವ್ವ ಎಂದಳು. ಏನಿಲ್ಲ ಎಂದಳು ಇವಳು.

ಕ್ಯಾಸೆಟ್ಟು ಓಡಿದ್ದೇ ಓಡಿದ್ದು. ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ, ಎಲ್ಲಿ ಚಪ್ಪರ ಎದ್ದರೂ ಮರದ ಮೇಲಿನ ಸ್ಪೀಕರಿನಲ್ಲಿ ಚಿಕ್ಕಬೋರಮ್ಮ. ಹೇಮಗಿರಿಯ ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನಡೆಯುತ್ತಿದ್ದ ಕಡೆಯೂ ಹೆಣ್ಣು ಒಪ್ಪಿಸುವ ಪದ ಕೇಳಿಸುತ್ತಿತ್ತಂತೆ. ಸುಗುಣ ಮೊದಲು ಹಿಗ್ಗಿದಳು. ಟೈಲರಿಂಗ್ ಕ್ಲಾಸಿನ ಹುಡುಗಿಯರಿಗೆಲ್ಲ ಇದು ನನ್ನ ಹೆಸರು ಕಣ್ರೇ ಎಂದು ಹೇಳಿಕೊಂಡು ತಿರುಗಿದಳು. ಪಾಪ, ಆ ಹಿಗ್ಗು ಒಂದು ಬೇಸಿಗೆಯೂ ಬಾಳಲಿಲ್ಲ. ಶೀಳನೆರೆಯ ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಪದ ಬಂದಾಗಲೆಲ್ಲ ಹುಡುಗರು, ಏನ್ ಸುಗುಣಕ್ಕ, ಅಷ್ಟೊಂದ್ ಕಿತ ಒಪ್ಪಿಸುದ್ರೂ ಇನ್ನೂ ಇಲ್ಲೇ ಇದ್ದೀಯಲ್ಲ ಎಂದು ಕಿಚಾಯಿಸತೊಡಗಿದರು. ಅವಳು ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದು ಬರುವುದನ್ನು ಕಲಿತಳು.

ಇತ್ತ ವೀಳ್ಯ ಬರುವುದೂ ನಿಂತಿತು. ಇದು ಚಿಕ್ಕಬೋರಮ್ಮನಿಗೆ ಹೊಳೆದೇ ಇರಲಿಲ್ಲ. ಹಾಡುವವರನ್ನು ಕರೆದು, ಎಲೆ ಹಾಕಿ, ಮಡಿಲಕ್ಕಿ ಕೊಟ್ಟು ಕಳಿಸುವ ರಗಳೆ ಯಾಕೆ, ಅವಳದೇ ದನಿ ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂದು ಜನ ಲೆಕ್ಕ ಹಾಕಿದರು. ಒಂದು ಸಲ ಸ್ವಂತ ಓರಗಿತ್ತಿಯ ಮಗಳ ಮದುವೆಗೆ ಹೋಗಿ ಹಸೆಯ ಪಕ್ಕ ಕೂತು ಗಂಟಲು ಸರಿಮಾಡಿಕೊಂಡರೆ, ಸ್ಪೀಕರಿನಲ್ಲಿ ಅವಳೇ ಶುರುಮಾಡಿದಳು. ತನ್ನ ದನಿಗೆ ತಾನೇ ಅಡ್ಡ ಬರುವುದು ಹೇಗೆ? ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಕುಳ್ಳಮ್ಮ ಅಂದೇ ಮದುವೆಗೆ ಹೋಗುವುದನ್ನು ಬಿಟ್ಟಳು.

ಸುಗುಣಳಿಗೆ ಮೊದಲು ಬಂದ ಸಂಬಂಧ ನಾಗಮಂಗಲದ ಕಡೆಯದು. ಹುಡುಗ ಕರೆಂಟಿನ ಲೈನ್‌ಮನ್, ಹುಡುಗಿ ಒಪ್ಪಿಗೆಯಾಗಿದ್ದಳು, ಜಾತಕವೂ ಕೂಡಿತ್ತು. ಮಾತುಕತೆಗೆ ಬಂದವರ ಜೊತೆ ಹುಡುಗನ ಅಜ್ಜಿ ಪಾರ್ವತಮ್ಮನೂ ಬಂದಿದ್ದಳು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಗೋಡೆಯ ಮೇಲಿದ್ದ ಶಾಲಿನ ಫೋಟೋ ನೋಡಿ, ಕ್ಯಾಸೆಟ್ಟಿನಲ್ಲಿ ಹಾಡಿದವಳು ನೀನೇ ಏನವ್ವ ಎಂದು ಮೆಚ್ಚಿಗೆಯಿಂದಲೇ ಕೇಳಿದಳು. ಹೌದು ಎಂದು ಚಿಕ್ಕಬೋರಮ್ಮ ಉಬ್ಬಿದಳು. ಅಜ್ಜಿ ಕಾಫಿ ಲೋಟ ಕೆಳಗಿಟ್ಟಳು.

"ಅಂಗಾರೆ ಅದ್ರಲ್ಲಿ ಒಪ್ಪಿಸಿರೋ ಸುಗುಣ ಈ ಮಗೀನಾ?"

ಮಂಚಯ್ಯ, ಅದು ಸುಮ್ನೆ ಹೆಸರಿಗೆ ಅಜ್ಜಿ ಎಂದ. ಹೆಸರಲ್ಲದೆ ಇನ್ನೇನಪ್ಪ ಒಪ್ಪಿಸೋದು ಎಂದಳು ಅಜ್ಜಿ. ಸಿಟ್ಟೇನೂ ಮಾಡಿಕೊಳ್ಳಲಿಲ್ಲ, ಸುಗುಣಳ ತಲೆ ಸವರಿ, ಮೊಮ್ಮಗನನ್ನು ಎಬ್ಬಿಸಿಕೊಂಡು ಹೊರಟಳು. ಆಮೇಲೆ ಬಂದವರೆಲ್ಲ ಇಷ್ಟು ನೇರವಾಗಿ ಹೇಳಲಿಲ್ಲ. ಒಬ್ಬರಿಗೆ ಹುಡುಗಿ ಸಣ್ಣ ಎನಿಸಿದಳು, ಇನ್ನೊಬ್ಬರಿಗೆ ದಿಕ್ಕು ಆಗಿಬರಲಿಲ್ಲ, ಮತ್ತೊಬ್ಬರು ಸ್ಟೇಜು ಹತ್ತುವವಳ ಮಗಳು ಬೇಡವೆಂದು ಬೇರೆಯವರ ಕೈಲಿ ಹೇಳಿಸಿದರು. ಊರ ಬಾಯಿ ಮುಚ್ಚುವ ಮೂಕುಡ ಯಾವ ಕುಂಬಾರನೂ ಮಾಡಿಲ್ಲ. ಚಿಕ್ಕಬೋರಮ್ಮನಿಗೆ ಮಾತ್ರ ಎಲ್ಲದರ ಹಿಂದೆ ಅಜ್ಜಿಯ ಒಂದು ಮಾತೇ ಕೇಳಿಸುತ್ತಿತ್ತು.

ಪಾಂಡವಪುರಕ್ಕೆ ಹೋಗಿ ಲೋಕೇಶನನ್ನು ಹಿಡಿದಳು. ಆ ಹೆಸರೊಂದನ್ನು ಅಳಿಸಿಕೊಡಪ್ಪ, ಬೇರೆ ಏನೂ ಬೇಡ ಎಂದಳು. ಅವನು ಸೋಡಾ ತರಿಸಿಕೊಟ್ಟ. ತನ್ನ ಹತ್ತಿರ ಇರುವುದನ್ನು ಅಳಿಸಬಹುದು, ಆದರೆ ಅದನ್ನು ನೋಡಿ ನಕಲು ಮಾಡಿದವರು ಮೈಸೂರಿನಿಂದ ಹಾಸನದವರೆಗೆ ಇದ್ದಾರೆ, ಅವರನ್ನೆಲ್ಲ ಎಲ್ಲಿ ಹುಡುಕೋದು ಎಂದ. "ಗಾಳಿಗೆ ತೂರಿದ ರಾಗಿ ಒಟ್ಟ ಮತ್ತೆ ಆಯ್ಕಳಾಕಾದದ ಅವ್ವ?" ಎಂದು ಮೆಲ್ಲಗೆ ಕೇಳಿದ. ಸುಳ್ಳೇನೂ ಹೇಳಲಿಲ್ಲ. ಎರಡನೇ ಭಾಗ ಮಾಡೋಣವೇ ಎಂದು ಕೇಳಿದ್ದು ಮಾತ್ರ ಅವನ ಹೊಟ್ಟೆಪಾಡಿನ ಬುದ್ಧಿ. ಅವಳು ಸೋಡಾ ಅರ್ಧಕ್ಕೇ ಬಿಟ್ಟು ಬಂದಳು.

ಪುಟ್ಟರಾಜು ಮೇಷ್ಟ್ರಿಗೂ ಹೇಳಿಕೊಂಡಳು. ಅವರು ನಗಲಿಲ್ಲ, ಎಲ್ಲವನ್ನೂ ಕಿವಿಗೊಟ್ಟು ಕೇಳಿದರು. ಎಷ್ಟು ಚೆನ್ನಾಗಿ ಕೇಳಿದರೆಂದರೆ, ಅವಳಿಗೆ ಏನೋ ದಾರಿ ಸಿಕ್ಕೇಬಿಟ್ಟಿತು ಎನಿಸಿತು. ಈ ಸಲದ ಶ್ರೀರಂಗಪಟ್ಟಣದ ಮೇಳಕ್ಕೆ ಮಗಳನ್ನೂ ಕರೆತನ್ನಿ ಎಂದರು. ಅಲ್ಲೇ ಹತ್ತಿರದ ಊರಿನವರೊಬ್ಬರು ಗಂಡಿಗೆ ಹೆಣ್ಣು ಹುಡುಕುತ್ತಿದ್ದಾರೆಂದು ಮಂಚಯ್ಯನಿಗೂ ಯಾರೋ ಹೇಳಿದ್ದರು. ಮೇಳದಲ್ಲೇ ದೂರದಿಂದ ಹುಡುಗಿಯನ್ನು ನೋಡಿಕೊಳ್ಳಲಿ, ಆಮೇಲೆ ಮಾತು ಎಂದು ಗೊತ್ತಾಯಿತು. ಸುಗುಣ ತಾನೇ ಹೊಲಿದುಕೊಂಡ ಹಸಿರು ರವಿಕೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಳು.

ಆ ವರ್ಷ ಸೊಲ್ಲು ಹಿಡಿಯಲು ಕುಳ್ಳಮ್ಮ ಬಂದಿರಲಿಲ್ಲ. ಮಂಡಿ ನೋವು ಎಂದಿದ್ದಳು. ಬದಲಿಗೆ ಕಾಲೇಜು ಹುಡುಗಿಯರಿಗೆ ಹಳ್ಳಿ ಹೆಂಗಸರ ಹಾಗೆ ಗೊಬ್ಬೆ ಸೆರಗು ಕಟ್ಟಿಸಿ, ಗಲ್ಲಕ್ಕೆ ಹಚ್ಚೆಯ ಬೊಟ್ಟು ಬರೆಸಿ, ಕೀಬೋರ್ಡಿನವನೊಬ್ಬನನ್ನು ಪಕ್ಕದಲ್ಲಿ ಕೂರಿಸಿದ್ದರು. ಹುಡುಗಿಯರು ಚೆನ್ನಾಗಿಯೇ ಹಾಡಿದರು, ಆದರೆ ಚಿಕ್ಕಬೋರಮ್ಮ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂಬುದು ಅವರಿಗೆ ಗೊತ್ತಿಲ್ಲ. ಹಾಡು ಮುಗಿದ ಮೇಲೆ ಮೇಷ್ಟ್ರು ಮೈಕು ಹಿಡಿದರು. ನಮ್ಮ ಜನಪದರಿಗೆ ಹಾಡು ಬರೀ ಹಾಡಲ್ಲ, ಅದು ನಡೆದು ತೀರಿದ ಕೆಲಸ ಎಂದು ಶುರುಮಾಡಿ, ಕ್ಯಾಸೆಟ್ಟಿನ ಕಥೆಯನ್ನು, ಹೆಸರಿನ ಕಥೆಯನ್ನು, ಗಂಡು ಸಿಗದ ಕಥೆಯನ್ನು ಗದ್ಗದವಾಗಿ ಹೇಳಿ, ಆ ಮಗಳು ಇಲ್ಲೇ ಇದ್ದಾಳೆ, ಏಳಮ್ಮ ಸುಗುಣ ಎಂದರು. ಸುಗುಣ ಎದ್ದಳು. ಜನ ಚಪ್ಪಾಳೆ ತಟ್ಟಿದರು. ನೋಡಲು ಬಂದಿದ್ದ ಗಂಡಿನ ಕಡೆಯವರು ಎಲ್ಲಿ ಕೂತಿದ್ದರೋ, ಯಾವಾಗ ಎದ್ದು ಹೋದರೋ, ಮಂಚಯ್ಯ ಬಯಲೆಲ್ಲ ಸುತ್ತಿದರೂ ಸಿಗಲಿಲ್ಲ. ಮೇಷ್ಟ್ರು ಆಮೇಲೆ ಬಹಳ ನೊಂದುಕೊಂಡರು. ಅವರ ನೋವು ಯಾರಿಗೆ ಬೇಕಾಗಿತ್ತು?

ಸುಗುಣ ಅಮ್ಮನನ್ನು ಬೈಯಲಿಲ್ಲ, ಅದೇ ಚಿಕ್ಕಬೋರಮ್ಮನಿಗೆ ತಡೆಯಲಾರದ್ದು. ಬೆಳಿಗ್ಗೆ ಮಿಷನ್ನಿನ ಮುಂದೆ ಕೂತರೆ ಸಾಯಂಕಾಲದವರೆಗೆ ತುಳಿಯುತ್ತಿದ್ದಳು. ಊರಿನ ಮದುವೆಹೆಣ್ಣುಗಳ ರವಿಕೆಯೆಲ್ಲ ಅವಳೇ ಹೊಲಿಯುತ್ತಿದ್ದಳು, ಮದುವೆಗೆ ಮಾತ್ರ ಹೋಗುತ್ತಿರಲಿಲ್ಲ. ಅವಳ ಜೊತೆ ಓದಿದವರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೌರಿಹಬ್ಬಕ್ಕೆ ತವರಿಗೆ ಬರುತ್ತಿದ್ದರು.

ಆ ಗೌರಿಹಬ್ಬವೇ ಚಿಕ್ಕಬೋರಮ್ಮನಿಗೆ ಒಂದು ಯೋಚನೆ ಕೊಟ್ಟಿತು. ಕೊಟ್ಟ ಹೆಣ್ಣನ್ನು ಹಬ್ಬಕ್ಕೆ ತವರಿಗೆ ಕರೆಯುವುದಕ್ಕೂ ಒಂದು ಪದ ಉಂಟಲ್ಲ! ಅಣ್ಣನೋ ಅಪ್ಪನೋ ಹೋಗಿ ಅತ್ತೆಮನೆಯ ಬಾಗಿಲಲ್ಲಿ ನಿಂತು, ಮಗಳನ್ನು ಕಳಿಸಿಕೊಡಿ ಎಂದು ಕೇಳುವ ಪದ. ಪದದಿಂದ ಹೋದವಳನ್ನು ಪದದಿಂದಲೇ ಕರೆತಂದರೆ ಸರಿಹೋಗಲಾರದೆ? ಎದೆಯಲ್ಲಿ ಏನೋ ಹಗುರವಾಗಿ, ಬಾಳೆಹಣ್ಣು ತೆಂಗಿನಕಾಯಿ ತಟ್ಟೆಯಲ್ಲಿಟ್ಟುಕೊಂಡು ಕುಳ್ಳಮ್ಮನ ಮನೆಗೆ ಓಡಿದಳು. ಕುಳ್ಳಮ್ಮ ಈಗ ನಿಜಕ್ಕೂ ಏಳಲಾರದೆ ಪಡಸಾಲೆಯ ಚಾಪೆಯ ಮೇಲೇ ಇರುತ್ತಿದ್ದಳು. ಹೇಳಿದ್ದನ್ನೆಲ್ಲ ಕೇಳಿ, ಆಗಲಿ ಕಣಮ್ಮಿ, ಈ ಮಂಡಿ ಸತ್ತರೂ ಗಂಟಲು ಸತ್ತಿಲ್ಲ, ನಾನು ಸೊಲ್ಲು ಕೊಡುತ್ತೇನೆ ಎಂದಳು. ಸುಗುಣಳನ್ನು ಕರೆಸಿ ಹೊಸಿಲಿನ ಹೊರಗೆ ನಿಲ್ಲಿಸಿದರು. ಹುಡುಗಿಯ ಮೊಗದಲ್ಲಿ ಆಸೆ ಕಂಡು ಬಹಳ ವರ್ಷವಾಗಿತ್ತು, ಅಂದು ಕಂಡಿತು.

ಚಿಕ್ಕಬೋರಮ್ಮ ದೇವರ ಪದ ಹೇಳಿ, ಕರೆಯುವ ಪದಕ್ಕೆ ಬಂದಳು. ಮೊದಲ ಸಾಲಿನಲ್ಲೇ ಬೀಗರ ಊರು, ಬೀಗರ ಮನೆ ಹೇಳಬೇಕು. ಅಲ್ಲಿಗೆ ಬಂದು ಅವಳ ದನಿ ನಿಂತಿತು. ಕುಳ್ಳಮ್ಮ ಕಾದಳು. ಆಮೇಲೆ ಮುದುಕಿಗೇ ಹೊಳೆಯಿತು, ಕಣ್ಣು ತುಂಬಿಕೊಂಡು ಕೇಳಿದಳು:

"ಯಾವ ಮನೆಯಿಂದ ಕರೀತೀಯೇ ಬೋರಿ? ನೀನು ಯಾರ ಮನೆಗೂ ಒಪ್ಪಿಸ್ಲಿಲ್ವಲ್ಲೇ."

ಹೌದಲ್ಲ! ಹೆಸರಿರುವ ಮನೆಗೆ ಕೊಟ್ಟಿದ್ದರೆ ಆ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಬಲ್ಲಿದರ ಬಾಗಿಲು ಎಲ್ಲಿದೆ, ಯಾರು ಅಲ್ಲಿ ಅತ್ತೆ, ಯಾರು ಮಾವ? ಅವಳು ಅಷ್ಟು ಜಾಣತನದಿಂದ ಬಿಟ್ಟ ಜಾಗವೇ ಈಗ ಬಾಯಿ ಕಟ್ಟಿತು. ಚಿಕ್ಕಬೋರಮ್ಮ ನೆಲಕ್ಕೆ ಕೂತು ಹಣೆ ಚಚ್ಚಿಕೊಂಡಳು. ಸುಗುಣ ಹೊರಗೆ ನಿಂತಿದ್ದವಳು ಸ್ವಲ್ಪ ಹೊತ್ತು ನೋಡಿ, ತಾನಾಗೇ ಹೊಸಿಲು ದಾಟಿ ಒಳಗೆ ಬಂದು ಅಮ್ಮನ ಕೈ ಹಿಡಿದು ಎಬ್ಬಿಸಿದಳು. ಒಳಗೆ ಬಂದದ್ದೇನೋ ನಿಜ, ಆದರೆ ಯಾರೂ ಕರೆದು ಬಂದದ್ದಲ್ಲ. ಆ ಚಳಿಗಾಲದಲ್ಲಿ ಕುಳ್ಳಮ್ಮ ತೀರಿಕೊಂಡಳು. ಚಿಕ್ಕಬೋರಮ್ಮ ಆಮೇಲೆ ಸ್ಟೇಜಿಗೂ ಹೋಗಲಿಲ್ಲ, ಗದ್ದೆಯಲ್ಲೂ ಪದಕ್ಕೆ ಬಾಯಿ ಬಿಡಲಿಲ್ಲ.

ತೊಂಬತ್ತೆಂಟರಲ್ಲಿ ಚಲುವಯ್ಯನ ಸಂಬಂಧ ಬಂತು. ನಾಗಮಂಗಲದ ಆಚೆಯ ಊರು. ಮೊದಲ ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಮಕ್ಕಳು, ತಲೆಯ ಮುಂಭಾಗ ಬೋಳು. ಅವನ ತಾಯಿ ಮಂಗಳಮ್ಮ ಕ್ಯಾಸೆಟ್ಟಿನ ವಿಷಯ ತಾನೇ ಎತ್ತಿದಳು. ನಮಗೆ ಅದರ ಅಡ್ಡಿಯಿಲ್ಲ, ನಮ್ಮದೂ ಎರಡನೆಯದು, ಮಕ್ಕಳನ್ನು ನೋಡಿಕೊಂಡರೆ ಸಾಕು ಎಂದಳು. ಮಂಚಯ್ಯ ಮಗಳನ್ನು ಕೇಳಿದ. ಅವಳು ಮಿಷನ್ನು ತುಳಿಯುತ್ತಲೇ, ಆಯ್ತು ಎಂದಳು. ಚಿಕ್ಕಬೋರಮ್ಮ ಇಂಥವನಿಗೆ ಬೇಡ ಎನ್ನಬೇಕೆಂದು ಬಾಯಿ ತೆರೆದಳು, ಏನೆಂದು ಹೇಳುತ್ತಾಳೆ? ಮುಚ್ಚಿಕೊಂಡಳು.

ಮದುವೆ ಗಂಡಿನ ಊರ ಪಕ್ಕದ ಒಂದು ಗುಡಿಯಲ್ಲಿ, ಚಪ್ಪರವಿಲ್ಲ, ಓಲಗವಿಲ್ಲ. ಎರಡನೇ ಮದುವೆಗೆ ಇಷ್ಟು ಸಾಕು ಎಂದು ಅವರು, ಹುಡುಗಿಗೆ ವಯಸ್ಸಾಯಿತು ಎಂದು ಇವರು ಸುಮ್ಮನಾದರು. ಪದ ಹೇಳುವವರು ಒಬ್ಬರೂ ಇರಲಿಲ್ಲ. ತಾಳಿ ಕಟ್ಟಿ ಮುಗಿದದ್ದೇ ತಡ, ಮಂಗಳಮ್ಮ ಟೆಂಪೋದವನು ಇನ್ನೊಂದು ಬಾಡಿಗೆಗೆ ಹೋಗಬೇಕಂತೆ ಎಂದು ಅವಸರ ಮಾಡಿದಳು. ಚಿಕ್ಕಬೋರಮ್ಮ ಬೆಳಿಗ್ಗೆ ಮನೆಯಲ್ಲೇ ಕರೆದು, ಕಾಯಿಸಿ, ಚೆಂಬಿನಲ್ಲಿ ತಂದಿದ್ದ ಹಾಲನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಬಂದಳು. ಹಾಡಿಲ್ಲದಿದ್ದರೆ ಹೋಗಲಿ, ಕೈಯಾದರೂ ಕೊಡಬಹುದಲ್ಲ. ಮಗಳ ಕೈ ಹಿಡಿದು ಹಾಲಲ್ಲಿ ಅದ್ದಿಸಿದಳು. ಮಿಷನ್ನು ತುಳಿದು, ಸೂಜಿ ಚುಚ್ಚಿ ಒರಟಾದ ಬೆರಳು. ಅದನ್ನು ಎತ್ತಿ ಮಂಗಳಮ್ಮನ ಕಡೆ ಚಾಚಿದಳು.

ಮಂಗಳಮ್ಮ ಕೈ ಒಡ್ಡಲಿಲ್ಲ. ಕೆಟ್ಟ ಮನಸ್ಸಿನಿಂದಲ್ಲ, ಅವಸರದಲ್ಲಿದ್ದಳು.

"ಬುಡವ್ವ, ಅದು ಆಗ್ಲೆ ಆಗೋಯ್ತಲ್ಲ. ನಾಡೆಲ್ಲ ಕೇಳಂಗೆ ಒಪ್ಪಿಸಿದ್ದೀಯ. ಒಂದು ಎಣ್ಣ ಎಷ್ಟು ಕಿತ ಅಂತ ಒಪ್ಪಿಸ್ತರೆ? ಅಪಶಕುನ."

ಮಗಳ ಕೈಯಿಂದ ಹಾಲು ಚಿಕ್ಕಬೋರಮ್ಮನ ಮುಂಗೈ ಮೇಲೆ ಹರಿದು ಮೊಣಕೈವರೆಗೆ ಇಳಿಯಿತು. ಅವಳು ಕೈ ಬಿಡಲಿಲ್ಲ. ಇನ್ನೊಂದು ಗಳಿಗೆ ಹಿಡಿದರೆ ಆ ಹೆಂಗಸು ಮನಸ್ಸು ಬದಲಾಯಿಸಬಹುದು ಎಂದು ಹಾಗೇ ಚಾಚಿಕೊಂಡು ನಿಂತಳು. ಆಗ ಸುಗುಣಳೇ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಹೊಸ ಸೀರೆಯ ಸೆರಗಿನಲ್ಲಿ ಅಮ್ಮನ ಮೊಣಕೈ ಒರೆಸಿದಳು.

"ಬುಡವ್ವ, ಅವ್ರು ಏಳಾದೂ ದಿಟವೆ. ನಾನು ಓಗಿ ಬಾಳ ದಿನ ಆಯ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚಿಕ್ಕಬೋರಮ್ಮ ಕಾಲಿಗೆ ಬಿದ್ದಾದರೂ ಕ್ಷಮೆ ಕೇಳುತ್ತಿದ್ದಳು. ಅಳಬೇಕೆಂದು ನೋಡಿದಳು, ಅಳುವೂ ಬರಲಿಲ್ಲ. ಸುಗುಣ ಚಲುವಯ್ಯನ ಸಣ್ಣ ಮಗಳನ್ನು ಎತ್ತಿ ಟೆಂಪೋಗೆ ಹತ್ತಿಸಿ, ತಾನೂ ಹತ್ತಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗಾಡಿ ಹೊರಟಾಗ ಚಿಕ್ಕಬೋರಮ್ಮ ಬಟ್ಟಲು ಹಿಡಿದೇ ನಿಂತಿದ್ದಳು. ಮಂಚಯ್ಯ ಬಂದು, ಒಳಗೆ ಊಟಕ್ಕೆ ಎಲೆ ಹಾಕಿದ್ದಾರೆ ಬಾ ಎಂದ. ಅವಳು ಹೋಗಿ ಕೂತಳು.